ತೆಲುಗು ಮಾತಾಡೋರೆಲ್ಲ ತೆಲುಗು ಓದ್ತಾರೆ ಅಂದ್ಕೊಂಡಿದ್ದೆ

ನಮ್ಮ ಚಿಕ್ಕಪ್ಪಂದು ಕೋಲಾರದ ಎಪಿಎಂಸಿಲಿ ಟೊಮ್ಯಾಟೊ ಮಂಡಿ ಇದೆ. ಹರಾಜು ಮುಗೀತಿದ್ದಂಗೆ ಫೋನು ಶುರು, ಬಾಕ್ಸು ಎಷ್ಟಕ್ಕೋಯ್ತು ಅಂತ ಒಬ್ರಾದ್ಮೇಲೆ ಒಬ್ರು ಕೇಳ್ತಾರೆ, 2023ರ ಜುಲೈಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗಂತೂ ಅವರಿಗೆ ಊಟಕ್ಕೆ ಕೂರೋಕೂ ಬಿಡ್ಲಿಲ್ಲ ಜನ. ಆವಾಗಿಂದ ಹೇಳ್ತಾನೇ ಇದ್ರು, "ಒಂದು ವೆಬ್‌ಸೈಟ್ ಮಾಡ್ಕೊಡಮ್ಮ, ರೇಟು ಹಾಕ್ಬಿಟ್ರೆ ಅವರವರೇ ನೋಡ್ಕೊಂತಾರೆ" ಅಂತ. ನಾನು ಮಾಡೋ ಕೆಲಸಾನೇ ಅದು, ಆದ್ರೂ ಈಗ ಟೈಮ್ ಸಿಕ್ತು.

ಭಾಷೆ ವಿಷಯ ಬಂದಾಗ ಎಲ್ಲ ಸೈಟಲ್ಲೂ ಇರೋ ಹಂಗೆ ಮೇಲ್ಗಡೆ ಮೂಲೇಲಿ, ಒತ್ತಿ ಭಾಷೆ ಆರಿಸ್ಕೊಳ್ಳೋ ಒಂದು ಡ್ರಾಪ್‌ಡೌನ್ ಇಟ್ಟೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯೋರು ಮನೇಲಿ ತೆಲುಗು, ಅವರಿಗೆ ತೆಲುಗು. ಕೆಜಿಎಫ್‌ನೋರಿಗೆ, ಹೊಸೂರಿಂದ ಬರೋ ವ್ಯಾಪಾರಿಗಳಿಗೆ ತಮಿಳು. ಲೋಡಿಂಗ್ ಮಾಡ್ಸೋರಲ್ಲಿ ಉರ್ದುನೋರು ಇದಾರೆ. ಕನ್ನಡ, ಇಂಗ್ಲಿಷ್ ಹೆಂಗೂ ಇರುತ್ತೆ. ನೋಡೋಕೆ ಚೆನ್ನಾಗೇ ಇತ್ತು.

ಮಾರನೇ ದಿನ ಮಂಡಿಲಿ ಮುಳಬಾಗಿಲ ಕಡೆಯ ಒಬ್ಬ ತಾತಂಗೆ ತೋರಿಸ್ದೆ. ತೆಲುಗಲ್ಲೇ ಮಾತಾಡ್ತಿದ್ರಲ್ಲ, ನಾನೇ ತೆಲುಗು ಒತ್ತಿ ಫೋನ್ ಕೈಗೆ ಕೊಟ್ಟೆ. ಕಣ್ಣಿಗೆ ಹತ್ರ ಹಿಡಿದ್ರು, ದೂರ ಹಿಡಿದ್ರು, ಆಮೇಲೆ ವಾಪಸ್ ಕೊಟ್ಟು "ಇದಿ ನಾಕು ಸದವನೀಕಿ ರಾದಮ್ಮಾ, ಕನ್ನಡಂಲೋ ಚೂಪಿಂಚು" (ಇದು ನಂಗೆ ಓದೋಕೆ ಬರಲ್ಲಮ್ಮ, ಕನ್ನಡದಲ್ಲಿ ತೋರಿಸು) ಅಂದ್ರು. ಅವರು ಓದಿದ್ದು ನಾಲ್ಕನೇ ಕ್ಲಾಸು, ಕನ್ನಡ ಮೀಡಿಯಮ್. ಮನೇಲಿ ತೆಲುಗು, ಹೊಲದಲ್ಲಿ ತೆಲುಗು, ಬೈಯೋದೂ ತೆಲುಗಲ್ಲೇ, ಆದ್ರೆ ಅಕ್ಷರ ಅಂತ ಗೊತ್ತಿರೋದು ಕನ್ನಡದ್ದು. ಅವರ ಪಕ್ಕದಲ್ಲೇ ನಿಂತಿದ್ದ ಆಂಧ್ರದ ಮದನಪಲ್ಲಿಯವರು ಅದೇ ತೆಲುಗು ಪೇಜನ್ನ ಗಟಗಟ ಓದಿದ್ರು, ಕನ್ನಡದ್ದು ತೋರಿಸಿದ್ರೆ ಅವರಿಗೆ ಅರ್ಧಂಬರ್ಧ. ಇಬ್ರೂ ಒಂದೇ ಭಾಷೇಲಿ ಹರಟೆ ಹೊಡೀತಾ ನಿಂತೋರು! ಕೋಲಾರದಲ್ಲೇ ಹುಟ್ಟಿ ಬೆಳೆದ ನಂಗೆ ಇದು ಹೊಳೀಲಿಲ್ವಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು. ಆಡೋ ಭಾಷೆ ಬೇರೆ, ಓದೋ ಲಿಪಿ ಬೇರೆ, ನಮ್ಮ ಕಡೆ ಎರಡನ್ನೂ ಒಂದೇ ಅಂದ್ಕೊಂಡು ಪೇಜ್ ಮಾಡೋಕಾಗಲ್ಲ.

ಇನ್ನೊಂದು ಏನಂದ್ರೆ, ಆ ಡ್ರಾಪ್‌ಡೌನ್ ಅನ್ನೋದನ್ನ ಒತ್ತಬೇಕು ಅಂತಾನೇ ಯಾರಿಗೂ ಅನ್ಸಲ್ಲ. ಮೊದಲು ಕಾಣೋದು ಓದೋಕೆ ಬರ್ಲಿಲ್ಲ ಅಂದ್ರೆ ಪೇಜ್ ಮುಚ್ಚಿ ಫೋನ್ ಮಾಡ್ತಾರೆ, ಅಷ್ಟೆ.

ಅದನ್ನ ಕಿತ್ತಾಕಿ ಹೊಸದಾಗಿ ಕೂತೆ. ಯೋಚನೆ ಮಾಡಿದ್ರೆ ರೇಟಿಗೆ ಭಾಷೆ ಎಲ್ಲಿದೆ, 350 ಅಂದ್ರೆ ಎಲ್ಲರಿಗೂ 350. ಹಂಗಾಗಿ ಅಂಕಿ ಮಾತ್ರ ದೊಡ್ಡದಾಗಿ ನಡುವೆ ಒಂದೇ ಸಲ, ಅದರ ಸುತ್ತ "ಇವತ್ತಿನ ರೇಟು", "ಕಡಿಮೆ", "ಜಾಸ್ತಿ", ಟೊಮ್ಯಾಟೊ, ಟಮಾಟ, ತಕ್ಕಾಳಿ, ಟಮಾಟರ್ ಅಂತ ನಾಲ್ಕು ಲಿಪೀಲೂ ಒಂದರ ಕೆಳಗೊಂದು, ಇಂಗ್ಲಿಷ್ ಸಣ್ಣಕ್ಕೆ ಕೊನೇಲಿ. ಯಾರೂ ಏನೂ ಒತ್ತಬೇಕಾಗಿಲ್ಲ, ತಂತಮ್ಮ ಅಕ್ಷರ ಕಣ್ಣಿಗೆ ತಾನಾಗೇ ಸಿಗುತ್ತೆ.

ಒಂದೇ ಪೇಜಲ್ಲಿ ಇಷ್ಟು ಲಿಪಿ ಸೇರ್ಸೋದು ಈಗ ಕಷ್ಟ ಅಲ್ಲ, ಎಲ್ಲ ಲಿಪಿಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡ್ ಇರೋದ್ರಿಂದ. ಅದರಲ್ಲಿ ಕನ್ನಡಕ್ಕೆ 128 ಜಾಗದ ಒಂದು ಬ್ಲಾಕು, ಅದರ ಹಿಂದಿನ ಬ್ಲಾಕೇ ತೆಲುಗು, ತೆಲುಗಿನ ಹಿಂದಿಂದು ತಮಿಳು, ನಮ್ಮ ಜಿಲ್ಲೆ ಅಕ್ಕಪಕ್ಕ ಇರೋ ಹಂಗೇ ಸಾಲಾಗಿ ಕೂತಿವೆ, ನಂಗೆ ಅದು ತುಂಬಾ ಇಷ್ಟ. ಪೇಜಿನ ತಲೇಲಿ, ಆ ನಂಬರುಗಳನ್ನ ಬರೆದಿಟ್ಟಿರೋ ರೀತಿ ಯುಟಿಎಫ್-8 ಅಂತ ಹೇಳ್ಬಿಟ್ರೆ ಬ್ರೌಸರಿಗೆ ಎಲ್ಲ ಅರ್ಥ ಆಗುತ್ತೆ. ಆದ್ರೆ ಪೇಜಿಗೆ ಹೇಳಿದ್ರೆ ಸಾಲಲ್ಲ. ಮಂಡಿ ಲೆಕ್ಕದ ಹಳೇ ಡೇಟಾಬೇಸ್ ಟೇಬಲ್ ಇಂಗ್ಲಿಷ್, ಯುರೋಪಿನ ಅಕ್ಷರ ಮಾತ್ರ ಹಿಡಿಯೋ ಲ್ಯಾಟಿನ್-1ಲ್ಲಿತ್ತು, ಕನ್ನಡ ಸೇವ್ ಮಾಡಿದ್ರೆ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ, ಒಂದು ಸಲ ಹಂಗಾದ್ರೆ ಒಳಗಿದ್ದ ಅಕ್ಷರ ಹೋಗೇಬಿಟ್ಟಿರುತ್ತೆ, ವಾಪಸ್ ಬರಲ್ಲ, ಮತ್ತೆ ಟೈಪ್ ಮಾಡಬೇಕು. ಟೇಬಲ್‌ನ ಎಲ್ಲ ಲಿಪೀನೂ ಹಿಡಿಯೋ ಯುಟಿಎಫ್8ಎಂಬಿ4ಗೆ ಬದಲಾಯಿಸ್ದೆ. ಮಂಡಿ ರೈಟರು ಕೊಟ್ಟ ನೋಟಿಸು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿತ್ತು, ಅಂಟಿಸಿದ್ರೆ ಇಂಗ್ಲಿಷ್ ಅಕ್ಷರಕ್ಕೆಲ್ಲ ಟೋಪಿ, ಬಾಲ, ಚುಕ್ಕಿ ಬಂದು ಕೂತ್ಕೊಂತು. ಆ ಫಾಂಟುಗಳಲ್ಲಿ ಒಳಗಿರೋದು ಇಂಗ್ಲಿಷ್ ಕೋಡು, ಮೇಲೆ ಕಾಣೋ ಚಿತ್ರ ಮಾತ್ರ ಕನ್ನಡ. ಕನ್ವರ್ಟರಲ್ಲಿ ಹಾಕಿ ಯೂನಿಕೋಡ್ ಮಾಡಿ, ಒತ್ತಕ್ಷರ ಒಂದೊಂದೂ ಕಣ್ಣಲ್ಲೇ ನೋಡ್ದೆ.

ಅತೀ ಹೆಚ್ಚು ಹೊತ್ತು ತಿಂದಿದ್ದು ಉರ್ದು. ಬಲದಿಂದ ಎಡಕ್ಕೆ ಹೋಗೋದ್ರಿಂದ ಆ ಸಾಲಿಗೆ ದಿಕ್ಕು ಬೇರೆ ಕೊಡಬೇಕು, ಅದು ಗೊತ್ತಿತ್ತು, ಕೊಟ್ಟಿದ್ದೆ. ನೋಟಿಸಲ್ಲಿ 200-350 ಅಂತ ರೇಟು ಬರೆದಿದ್ದೆ, ಉರ್ದು ಸಾಲಲ್ಲಿ ಅದು 350-200 ಅಂತ ಕಾಣ್ತಿದೆ! ಅಂಕಿ ಸರಿಯಾಗೇ ಟೈಪ್ ಆಗಿದೆ, ಕೋಡಲ್ಲೂ ಸರಿ ಇದೆ, ತೋರಿಸೋವಾಗ ಉಲ್ಟಾ. ಉರ್ದು ಅಕ್ಷರ ಆದ್ಮೇಲೆ ಅಂಕಿ ಬಂದ್ರೆ ನಡುವಿನ ಆ ಗೆರೆ ಸಾಲಿನ ದಿಕ್ಕನ್ನೇ ಹಿಡಿಯುತ್ತೆ, ಎರಡೂ ಅಂಕಿ ಜಾಗ ಅದಲು ಬದಲು ಆಗುತ್ತೆ. ರೇಟಿನ ತುಂಡನ್ನ ಮಾತ್ರ ಬೇರೆ ಟ್ಯಾಗಲ್ಲಿ ಸುತ್ತಿ ಎಡದಿಂದ ಬಲಕ್ಕೆ ಅಂತ ಹೇಳಿದ್ಮೇಲೆ ಸರಿ ಹೋಯ್ತು. ಮಂಡಿಲಿ ರೇಟು ಉಲ್ಟಾ ಕಂಡ್ರೆ ಸುಮ್ನೆ ಬಿಡೋ ವಿಷಯ ಅಲ್ಲ, ಜನ ದುಡ್ಡಿಂದು ಅದು. ಆಮೇಲೆ ಅಕ್ಷರದ ಚಂದ. ನನ್ನ ಫೋನಲ್ಲಿ ಉರ್ದು ನಸ್ಖ್ ಶೈಲೀಲಿ ಬರ್ತಿತ್ತು, ಲೋಡಿಂಗ್ ಭಾಯಿ ನೋಡಿ "ಓದ್ಬೋದು ಮೇಡಂ, ಆದ್ರೆ ಇದು ಅರಬ್ಬಿ ತರ ಇದೆ, ನಮ್ಮ ಪೇಪರ್‌ಲಿ ಹಿಂಗಿರಲ್ಲ" ಅಂದ್ರು. ಅವರು ಕೇಳ್ತಿದ್ದಿದ್ದು ನಸ್ತಲೀಕ್, ಓರೆಯಾಗಿ ಇಳಿಜಾರಲ್ಲಿ ಬರೋದು. ಕನ್ನಡ, ತೆಲುಗು, ತಮಿಳಿಗೆ ಫೋನಲ್ಲಿರೋ ಫಾಂಟೇ ಬಿಟ್ಟಿದ್ದೆ, ಮಂಡಿ ಒಳಗೆ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಎಲ್ಲಾನೂ ಡೌನ್‌ಲೋಡ್ ಮಾಡ್ಸಿದ್ರೆ ಪೇಜ್ ತೆರೆಯೋದೇ ಇಲ್ಲ. ಉರ್ದುಗೆ ಮಾತ್ರ ನೋಟೋ ನಸ್ತಲೀಕ್ ಹಾಕ್ದೆ, ಸಾಲಿನ ಎತ್ತರಾನೂ ಹೆಚ್ಚುಕಮ್ಮಿ ಎರಡರಷ್ಟು ಮಾಡಬೇಕಾಯ್ತು, ಇಲ್ಲಾಂದ್ರೆ ಮೇಲಿನ ಸಾಲಿಗೆ ತಗಲುತ್ತೆ.

ಪ್ರತಿ ಸಾಲಿಗೂ ಇದು ಯಾವ ಭಾಷೆ ಅಂತ ಲ್ಯಾಂಗ್ ಅಟ್ರಿಬ್ಯೂಟ್ ಕೊಟ್ಟಿದೀನಿ. ಕಣ್ಣಿಗೆ ಏನೂ ಕಾಣಲ್ಲ, ಆದ್ರೆ ಕಣ್ಣು ಕಾಣದೋರಿಗೆ ಸ್ಕ್ರೀನ್ ರೀಡರ್ ಓದೋವಾಗ ಯಾವ ದನಿ ತಗೋಬೇಕು ಅನ್ನೋದು ಇದರಿಂದಾನೇ ಗೊತ್ತಾಗೋದು. ದಯವಿಟ್ಟು ಇದನ್ನ ಬಿಡಬೇಡಿ.

ಗೂಗಲ್ ಹೇಳೋದು ಒಂದು ಪೇಜಿಗೆ ಒಂದೇ ಭಾಷೆ ಇರ್ಲಿ, ಭಾಷೆಗೊಂದು ವಿಳಾಸ ಮಾಡಿ ಅಂತ. ಸುದ್ದಿ, ಲೇಖನ, ಉದ್ದುದ್ದ ಬರಹ ಇದ್ರೆ ಅದೇ ಸರಿ, ನಾನೂ ಹಂಗೇ ಮಾಡ್ತೀನಿ. ಹತ್ತು ಪದ, ನಾಲ್ಕು ಅಂಕಿ ಇರೋ ಮಂಡಿ ರೇಟಿಗೆ ಬೇಡ. ಇದನ್ನ ಯಾರೂ ಹುಡುಕ್ಕೊಂಡು ಬರಲ್ಲ, ವಾಟ್ಸಾಪಲ್ಲಿ ಲಿಂಕ್ ಬರುತ್ತೆ, ಒತ್ತುತಾರೆ.

ಚಿಕ್ಕಪ್ಪ ಮೊನ್ನೆ ಆ ಪೇಜನ್ನ ಪ್ರಿಂಟ್ ತೆಗೆಸಿ, ಅಂಕಿ ಇರೋ ಜಾಗ ಖಾಲಿ ಬಿಡಿಸಿ, ಲ್ಯಾಮಿನೇಶನ್ ಮಾಡ್ಸಿ ಮಂಡಿ ಕಂಬಕ್ಕೆ ಕಟ್ಟಿದಾರೆ. ಹರಾಜು ಮುಗಿದ್ಮೇಲೆ ರೈಟರು ಮಾರ್ಕರ್‌ಲಿ ರೇಟು ಬರೀತಾರೆ, ಮಾರನೇ ದಿನ ಒರೆಸ್ತಾರೆ. ಮುಳಬಾಗಿಲ ತಾತ ಫೋನ್ ತೆಗೆಯೋದೇ ಇಲ್ಲ, ಕಂಬದ ಹತ್ರ ಹೋಗಿ ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ಓದಿ, ಪಕ್ಕದೋರಿಗೆ ತೆಲುಗಲ್ಲಿ ಹೇಳ್ತಾರೆ.