ಮುಟ್ಟದೆಯೇ ಮಾತಾಡಿದ ಹಲ್ಮಿಡಿ ಶಾಸನ

ಹಲ್ಮಿಡಿ ಶಾಸನದ ಫೈಬರ್ ಪ್ರತಿಕೃತಿ. ಸಾಲಿನ ಮೇಲೆ ಬೆರಳಿಟ್ಟರೆ ಆ ಸಾಲಿನ ಓದು, ಅರ್ಥ ಕೇಳಿಸಬೇಕು. ವರ್ಕ್‌ಶಾಪಿನಲ್ಲಿ ಸರಿಯಾಗಿದ್ದದ್ದು ಮ್ಯೂಸಿಯಮ್ಮಿನಲ್ಲಿ ಆನ್ ಮಾಡಿದೊಡನೆ ತಾನಾಗಿಯೇ ಓದತೊಡಗಿತು. ಏಳನೇ ಸಾಲು ಮುಗಿಯುವ ಮೊದಲೇ ಮೂರನೆಯದು. ಹೊರಗೆ ಶಾಲಾ ಮಕ್ಕಳು ಕಾಯುತ್ತಿದ್ದರು. ಲ್ಯಾಪ್‌ಟಾಪ್ ಹಚ್ಚಿದರೆ ಎಲ್ಲ ಸರಿ, ಕಿತ್ತರೆ ಮತ್ತೆ ಅದೇ ಗಲಾಟೆ. ಥ್ರೆಶೋಲ್ಡನ್ನು, ಅಂದರೆ ಎಷ್ಟು ಬದಲಾದರೆ ಮುಟ್ಟಿದಂತೆ ಎಂಬ ಮಿತಿಯನ್ನು, 12ರಿಂದ 20ಕ್ಕೆ ಏರಿಸಿದರೆ ಗಲಾಟೆ ತಗ್ಗಿತು, ಆದರೆ ಮಕ್ಕಳ ಸಣ್ಣ ಬೆರಳು ಸೆನ್ಸರ್‌ಗೆ ತಿಳಿಯದಾಯಿತು.

ದೋಷ ಕೋಡಿನಲ್ಲಿರಲಿಲ್ಲ, ಅಡಾಪ್ಟರಿನಲ್ಲಿತ್ತು. ಟಚ್ ಸೆನ್ಸರ್ ಅಳೆಯುವುದೇ ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿಗೆ, ಹೋಲಿಸಿ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಆ ಗ್ರೌಂಡ್ ತೇಲುತ್ತಿರುತ್ತದೆ, ಮೇನ್ಸಿನ ಗದ್ದಲ ಅದರೊಳಗೆ ಸೋರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಅದನ್ನು ಅರ್ತಿಗೆ ಕಟ್ಟಿಹಾಕುತ್ತಿತ್ತು. 5 ವೋಲ್ಟಿನ ಐಸೊಲೇಟೆಡ್ ಎಸ್‌ಎಂಪಿಎಸ್ (ಮೇನ್ಸಿನಿಂದ ಬೇರ್ಪಟ್ಟ ಪವರ್ ಸಪ್ಲೈ) ಹಾಕಿ, ಅದರ 5 ವೋಲ್ಟಿನ ಬದಿಯ ಮೈನಸ್ಸನ್ನು ಅರ್ತ್ ಟರ್ಮಿನಲ್ಲಿಗೆ ಸೇರಿಸಿದ ಮೇಲೆ ಥ್ರೆಶೋಲ್ಡ್ 12ಕ್ಕೇ ಮರಳಿತು. ಹಳೆಯ ಕಟ್ಟಡವಾದರೆ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇರದಿರಬಹುದು. ಎಲೆಕ್ಟ್ರಿಷಿಯನ್ನರಿಂದ ಫೇಸ್–ಅರ್ತ್ ನಡುವೆ 230 ವೋಲ್ಟ್ ಬರುತ್ತದೆಯೇ ಎಂದು ಮೀಟರಿನಲ್ಲಿ ನೋಡಿಸಿ.

ಶಾಸನದಲ್ಲಿ 16 ಸಾಲು, ಎಂಪಿಆರ್121 ಎಂಬ ಟಚ್ ಸೆನ್ಸರ್ ಚಿಪ್ಪಿನಲ್ಲಿ 12 ಎಲೆಕ್ಟ್ರೋಡ್ (ಮುಟ್ಟುವಿಕೆ ತಿಳಿಯುವ ತುದಿ). ಹಾಗಾಗಿ ಎರಡು ಬೋರ್ಡು. ಅವನ್ನು ಬೇರೆಬೇರೆಯಾಗಿ ಗುರುತಿಸಲು ಒಂದರ ಅಡ್ರೆಸ್ ಪಿನ್ ಗ್ರೌಂಡಿಗೆ, ಇನ್ನೊಂದರದು 3.3 ವೋಲ್ಟಿಗೆ. ಚಿಪ್ಪೇ 3.3 ವೋಲ್ಟಿನದು, ಆದ್ದರಿಂದ ಅದೇ ವೋಲ್ಟಿನ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಒಳ್ಳೆಯ ಜೋಡಿ. ಎಲೆಕ್ಟ್ರೋಡಾಗಿ ತಾಮ್ರದ ಟೇಪನ್ನು ಫೈಬರಿನ ಹಿಂಬದಿಗೆ ಅಂಟಿಸಿ. ಅಲ್ಲಿ ಫೈಬರ್ 3 ಮಿ.ಮೀ. ದಾಟದಿರಲಿ. ಲೋಹದ ಪುಡಿಯಿರುವ ಬಣ್ಣ ಖಂಡಿತ ಬೇಡ. ತಂತಿಗಳು ಗಿಡ್ಡವಿರಲಿ, ಸ್ಪೀಕರ್ ತಂತಿಯಿಂದ ದೂರವಿರಲಿ. ಅಕ್ಕಪಕ್ಕದ ಸಾಲುಗಳು ಒಟ್ಟಿಗೆ ಎಚ್ಚೆತ್ತರೆ, ಬೇಸ್‌ಲೈನಿನಿಂದ (ಮುಟ್ಟದಿದ್ದಾಗಿನ ಅಳತೆಯಿಂದ) ಹೆಚ್ಚು ಕೆಳಗಿಳಿದದ್ದನ್ನು ಮಾತ್ರ ಆಯ್ದುಕೊಳ್ಳಿ.

ದನಿಗೆ ಡಿಎಫ್‌ಪ್ಲೇಯರ್ ಮಿನಿ ಸಾಕು, ಮೆಮೊರಿ ಕಾರ್ಡಿನಿಂದ ಆಡಿಯೋ ನುಡಿಸುವ ಪುಟ್ಟ ಬೋರ್ಡ್ ಅದು. ಆದೇಶ ಪಡೆಯುವ ಅದರ ಆರ್‌ಎಕ್ಸ್ ತಂತಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕದಿದ್ದರೆ ಸ್ಪೀಕರಿನಲ್ಲಿ ಚರಚರ. ಕಾರ್ಡಿಗೆ ಕಾಪಿ ಮಾಡಿದ ಕ್ರಮದಲ್ಲಿ ನುಡಿಸಿದರೆ ಸಾಲು ಅದಲುಬದಲಾಗುತ್ತದೆ. 'ಎಂಪಿ3' ಫೋಲ್ಡರಿನಲ್ಲಿ 0001, 0002 ಎಂದು ಹೆಸರಿಟ್ಟು ಆ ಸಂಖ್ಯೆಯಿಂದಲೇ ಕರೆಯಿರಿ.

ಇದಕ್ಕೆಲ್ಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಬಳಸದಿರಲೂ ಕಾರಣವಿದೆ. ಸಂಜೆ ಕಾವಲಿನವರು ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ, ಅದು ಅವರ ಕೆಲಸ. ಕಾರ್ಡಿಗೆ ಬರೆಯುತ್ತಿರುವಾಗ ಹೀಗೆ ಕರೆಂಟ್ ಹೋದರೆ ಪೈ ಮರುದಿನ ಏಳದಿರಬಹುದು.

ಆಡಳಿತದವರು ದೊಡ್ಡ ಟಚ್‌ಸ್ಕ್ರೀನಿಗೆ ಹಣ ಹೊಂದಿಸುತ್ತಾರೆ, ಬಿಡಿಭಾಗಕ್ಕೆ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಹೆಚ್ಚುವರಿ ಡಿಎಫ್‌ಪ್ಲೇಯರ್, ತುಂಬಿಸಿದ ಕಾರ್ಡ್, ಒಂದು ಎಂಪಿಆರ್121 ಮೊದಲ ಅಂದಾಜುಪಟ್ಟಿಯಲ್ಲೇ ಸೇರಲಿ. ವೈರಿಂಗ್ ಚಿತ್ರವನ್ನು ಪೀಠದ ಬಾಗಿಲ ಒಳಬದಿಗೆ ಅಂಟಿಸಿ.