ಕೇರಳದ ಕೆಂಪು ಮಳೆ ನಮ್ಮ ಲ್ಯಾಬಿನ ಕೆಲಸಕ್ಕೆ ಕಲಿಸಿದ್ದು

ನೀರು ಪರೀಕ್ಷೆಗೆ ಬರುವವರು ಬಾಟಲಿಯ ಜೊತೆ ಒಂದು ಕಾರಣವನ್ನೂ ತಂದಿರುತ್ತಾರೆ. "ಬಾವಿ ನೀರು ಕೆಂಪಾಗಿದೆ ಮೇಡಂ, ಮೇಲಿನ ತೋಟದವರು ಹೊಡೆದ ಔಷಧಿ ಇಳಿದಿದೆ." "ಯಾರೋ ಬೇಕಂತಲೇ ಏನೋ ಹಾಕಿದ್ದಾರೆ." ಮಲೆನಾಡಿನ ಒಂದು ಲ್ಯಾಬಿನಲ್ಲಿ ನನ್ನ ಕೆಲಸ ಇದೇ. ಮಳೆಗಾಲ ಶುರುವಾದರೆ ಇಂಥ ಬಾಟಲಿಗಳು ಜಾಸ್ತಿ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಕೇರಳದ ಕೆಂಪು ಮಳೆಯ ಕಥೆ.

2001ರ ಜುಲೈ 25. ಕೋಟ್ಟಯಂ ಜಿಲ್ಲೆಯ ಚಂಗನಾಶ್ಶೇರಿಯಲ್ಲಿ ಕೆಂಪು ಮಳೆ ಸುರಿಯಿತು. ಒಗೆದು ಹಾಕಿದ್ದ ಬಟ್ಟೆಗೆ ಕಲೆ ಹಿಡಿಯಿತು. ಮಳೆಗೆ ಮುಂಚೆ ದೊಡ್ಡ ಸದ್ದು ಕೇಳಿಸಿತು, ಬೆಳಕು ಮಿಂಚಿತು ಎಂದು ಅಲ್ಲಿನವರು ಹೇಳಿದರು. ಅದು ಒಂದೇ ದಿನದ ಮಾತಾಗಿರಲಿಲ್ಲ. ಸೆಪ್ಟೆಂಬರ್ ಕೊನೆಯವರೆಗೆ ಆಗಾಗ, ಅಲ್ಲಲ್ಲಿ ಬೀಳುತ್ತಲೇ ಇತ್ತು.

ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಮೊದಲಿಗೆ ಉಲ್ಕೆಯೊಂದು ಆಕಾಶದಲ್ಲೇ ಸಿಡಿದಿರಬೇಕು ಎಂದರು. ಸದ್ದು, ಬೆಳಕು, ಆಮೇಲೆ ಕೆಂಪು ಪುಡಿ. ಎಲ್ಲ ಕೂಡಿಬರುತ್ತದೆ, ಅಲ್ವಾ? ಆದರೆ ಉಲ್ಕೆಯ ಪುಡಿ ಗಾಳಿಗೆ ಚದುರಿ ಹೋಗಬೇಕು. ಅದೇ ಊರುಗಳ ಮೇಲೆ ಮತ್ತೆ ಮತ್ತೆ ಬೀಳಲು ಸಾಧ್ಯವಿಲ್ಲ. ಕೆಲವೇ ದಿನಗಳಲ್ಲಿ ಅವರೇ ಆ ಮಾತನ್ನು ಹಿಂದಕ್ಕೆ ಪಡೆದರು. ಹಾಗೆ ಹಿಂದಕ್ಕೆ ಪಡೆದದ್ದಕ್ಕೆ ನನಗೆ ಅವರ ಮೇಲೆ ಬಹಳ ಗೌರವ.

ಇನ್ನೊಂದು ಊಹೆ ಅರೇಬಿಯಾದ ಮರಳುಗಾಡಿನ ಧೂಳು. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಮರಳುಗಾಡಿನ ಧೂಳು ಬೆರೆತು ಕೆಂಪು ಮಳೆ ಬಿದ್ದ ಉದಾಹರಣೆಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಆದರೆ ಧೂಳೋ ಅಲ್ಲವೋ ಎಂಬುದನ್ನು ಲ್ಯಾಬಿನಲ್ಲಿ ವಾದ ಮಾಡಿ ತೀರ್ಮಾನಿಸಬೇಕಿಲ್ಲ. ತಳದಲ್ಲಿ ಕೂತ ಗಸಿಯನ್ನು ಒಣಗಿಸಿ, ತೂಗಿ, 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಮತ್ತೆ ತೂಗಬೇಕು. ಮಣ್ಣು, ಧೂಳು ಆಗಿದ್ದರೆ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ. ಜೀವದ ಪದಾರ್ಥ ಆಗಿದ್ದರೆ ಉರಿದು ಹೋಗುತ್ತದೆ. ಕೇರಳದ ಕೆಂಪು ಕಣಗಳಲ್ಲಿ ಹೆಚ್ಚಾಗಿ ಇದ್ದದ್ದು ಇಂಗಾಲ ಮತ್ತು ಆಮ್ಲಜನಕ. ಮೈಕ್ರೋಸ್ಕೋಪಿನಲ್ಲಿ ಅವು ದಪ್ಪ ಗೋಡೆಯ, ಗುಂಡಗಿನ ಕೋಶಗಳಂತೆ ಕಂಡವು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅಂಥ ನಾಲ್ಕರಿಂದ ಹತ್ತು ಭಾಗದಷ್ಟು ಗಾತ್ರ.

ಆಮೇಲೆ ನಡೆದ ಕೆಲಸವೇ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದದ್ದು. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಕಣಗಳನ್ನು ನೋಡಿ ಹೆಸರು ಹೇಳಿ ಬಿಡಲಿಲ್ಲ. ಬೆಳೆಸಿ ನೋಡಿದರು. ಬೆಳೆದು ಬಂದದ್ದು ಟ್ರೆಂಟೆಪೋಲಿಯಾ ಎಂಬ ಪಾಚಿ. ಹಸಿರು ಪಾಚಿಗಳ ಗುಂಪಿಗೇ ಸೇರಿದ್ದು, ಆದರೆ ಒಳಗೆ ಕ್ಯಾರೋಟಿನ್ ಜಾತಿಯ ಬಣ್ಣ ತುಂಬಿರುವುದರಿಂದ ಕೇಸರಿಯಾಗಿ, ಕೆಂಪಾಗಿ ಕಾಣುತ್ತದೆ. ಕಲ್ಲುಹೂವಿನೊಳಗೂ ಇದು ಶಿಲೀಂಧ್ರದ ಜೊತೆ ಕೂಡಿ ಬಾಳುತ್ತದೆ. ತಂಡದವರು ಚಂಗನಾಶ್ಶೇರಿಗೆ ಹೋಗಿ ನೋಡಿದಾಗ ಅಲ್ಲಿನ ಮರ, ಬಂಡೆ, ದೀಪದ ಕಂಬಗಳ ಮೇಲೂ ಅಂಥ ಕಲ್ಲುಹೂವು ಹೇರಳವಾಗಿತ್ತು. 2001ರ ನವೆಂಬರಿನಲ್ಲಿ ಎರಡೂ ಸಂಸ್ಥೆಗಳ ವರದಿ ಬಂತು: ಮಳೆ ಕೆಂಪಾದದ್ದು ಈ ಪಾಚಿಯ ಬೀಜಾಣುಗಳಿಂದ.

ನಮ್ಮ ಕಡೆ ಮರದ ಕಾಂಡದ ಮೇಲೆ, ಹಳೆ ಗೋಡೆಯ ಮೇಲೆ ಮಖಮಲ್ಲಿನ ಹಾಗೆ ಹಬ್ಬುವ ಕೇಸರಿ ಬಣ್ಣ ನೋಡಿದ್ದೀರಲ್ಲ? ಎಷ್ಟೋ ಸಲ ಅದು ಇದೇ ಜಾತಿಯ ಪಾಚಿ. ಅದನ್ನು ಉಗುರಿನಿಂದ ಕೆರೆದು ಸ್ಲೈಡಿನ ಮೇಲೆ ಇಟ್ಟು ಹೊಸಬರಿಗೆ ತೋರಿಸುತ್ತೇನೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೋಟ್ಟಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಗಾಡ್‌ಫ್ರಿ ಲೂಯಿಸ್ ಮತ್ತು ಸಂತೋಷ್ ಕುಮಾರ್ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಈ ಕೋಶಗಳು ಭೂಮಿಯ ಆಚೆಯಿಂದ ಬಂದಿರಬಹುದು ಎಂದರು. ಜಗತ್ತಿನ ಪತ್ರಿಕೆಗಳೆಲ್ಲ ಎದ್ದು ನಿಂತದ್ದು ಆಗಲೇ. ಅದಕ್ಕೂ ಮೊದಲೇ ಬಂದಿದ್ದ ಪಾಚಿಯ ವರದಿಗೆ ಅಷ್ಟು ಜನ ಓದುಗರು ಸಿಗಲಿಲ್ಲ. ನನಗೆ ಇದು ಇವತ್ತಿಗೂ ಬೇಸರದ ಸಂಗತಿ. ಮುಂದೆ 2015ರಲ್ಲಿ ಡಿಎನ್‌ಎ ಹೋಲಿಸಿ ನೋಡಿದ ಇನ್ನೊಂದು ತಂಡ, ಇದು ಯುರೋಪಿನಲ್ಲಿ ಕಂಡುಬರುವ ಟ್ರೆಂಟೆಪೋಲಿಯಾ ಆನ್ಯುಲೇಟಾ ಎಂದು ಹೇಳಿತು. ಅಲ್ಲಿಂದ ಮೋಡದ ಜೊತೆ ಬಂದಿರಬಹುದು ಎಂಬುದು ಅವರ ಊಹೆ. ಮೊದಲ ವರದಿಯವರ ಪ್ರಕಾರ ಬೀಜಾಣು ಕೇರಳದ್ದೇ. ಆದರೆ ಅಷ್ಟೊಂದು ಬೀಜಾಣು ಒಟ್ಟಿಗೇ ಬಿಡುಗಡೆಯಾಗಿ ಮೋಡಕ್ಕೆ ಏರಿದ್ದು ಹೇಗೆ ಎಂಬುದಕ್ಕೆ ಅವರ ಬಳಿಯೂ ಪೂರ್ತಿ ಉತ್ತರ ಇರಲಿಲ್ಲ.

ನನ್ನ ಕೆಲಸಕ್ಕೆ ಬೇಕಾದ ಪಾಠ ಇಲ್ಲೇ ಇದೆ. ಇದು ಏನು ಎಂಬುದು ಒಂದು ಪ್ರಶ್ನೆ. ಇಲ್ಲಿಗೆ ಹೇಗೆ ಬಂತು ಎಂಬುದು ಇನ್ನೊಂದು. ಮೊದಲನೆಯದು ಪಕ್ಕಾ ಆಗಿದ್ದರೂ ಎರಡನೆಯದು ಬಾಕಿ ಇರಬಹುದು. ಎರಡನೆಯದು ಬಾಕಿ ಇದೆ ಅಂತ ಮೊದಲನೆಯದನ್ನು ಅನುಮಾನಿಸಬೇಕಾಗಿಲ್ಲ. "ಹೇಗೆ ಹೋಯಿತು ಗೊತ್ತಿಲ್ಲವಲ್ಲ, ಹಾಗಾದರೆ ಪಾಚಿಯೇ ಅಲ್ಲ" ಎಂದು ವಾದಿಸುವವರನ್ನು ನೋಡಿದ್ದೇನೆ. ಅದಕ್ಕೇ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗ. ಬಾಟಲಿ ತಂದವರು ಹೇಳಿದ ಕಾರಣವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ, ಎರಡನೆಯ ಜಾಗದಲ್ಲಿ.

ಹೀಗೆ ಮಾಡಿದಾಗ ಎಷ್ಟೋ ಕೆಂಪು ಬಾವಿಗಳ ಗುಟ್ಟು ಬೇಗ ಬಯಲಾಗುತ್ತದೆ. ಬೋರ್‌ವೆಲ್ಲಿನಿಂದ ತಿಳಿಯಾಗಿ ಬಂದ ನೀರು ಬಕೆಟ್ಟಿನಲ್ಲಿ ನಿಂತ ಮೇಲೆ ಕೆಂಪಾದರೆ, ಕರಗಿದ್ದ ಕಬ್ಬಿಣಕ್ಕೆ ಗಾಳಿ ತಾಗಿದೆ. ನೀರಿನ ಮೇಲೆ ಎಣ್ಣೆಯಂಥ ಪದರ ಕಂಡರೆ ಕಡ್ಡಿಯಿಂದ ಕೆದಕಿ ನೋಡಿ. ಚೂರು ಚೂರಾಗಿ ಒಡೆದು ಹಾಗೇ ನಿಂತರೆ ಸಾಮಾನ್ಯವಾಗಿ ಕಬ್ಬಿಣದ ಬ್ಯಾಕ್ಟೀರಿಯಾದ ಪದರ. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪೆಟ್ರೋಲು, ಡೀಸೆಲು ಇರಬಹುದು. ಆಗ ಆ ನೀರು ಕುಡಿಯಬೇಡಿ.

ನಿಮ್ಮೂರಲ್ಲಿ ಬಣ್ಣದ ಮಳೆ ಬಿದ್ದರೆ ಮಾಡಿನ ನೀರು, ಮರದಡಿಯ ನೀರು ಹಿಡಿಯಬೇಡಿ. ಮಾಡಿನ ಪಾಚಿಯೇ ಅದರಲ್ಲಿ ತೊಳೆದು ಬಂದಿರುತ್ತದೆ. ತೊಳೆದ ಪಾತ್ರೆಯನ್ನು ಅಂಗಳದ ನಡುವೆ, ಸ್ಟೂಲಿನ ಮೇಲೆ ಇಡಿ. ನೆಲದ ಮಣ್ಣು ಸಿಡಿಯಬಾರದು. ಹಿಡಿದ ನೀರನ್ನು ಸೋಸಬೇಡಿ, ಗಸಿಯೇ ನಮಗೆ ಬೇಕಾದದ್ದು. ಬಿಸಿಲಿಗೆ ಇಡದೆ, ತಂಪಾಗಿಟ್ಟು ಆದಷ್ಟು ಬೇಗ ಹತ್ತಿರದ ಲ್ಯಾಬಿಗೆ ತಲುಪಿಸಿ. ಯಾವ ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಬಂತು, ಗಾಳಿ ಯಾವ ಕಡೆಯಿಂದ ಇತ್ತು ಎಂದು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ.