ನಮೂದಾಗಿರುತ್ತದೆ

15 ಜುಲೈ 2025, ಮಂಗಳವಾರ
ಧಾರವಾಡ, ರಾತ್ರಿ 9.40

ಜಿಟಿಜಿಟಿ ಮಳೆ. ಇವರು ಉಂಡು ಮಲಗಿದ್ದಾರೆ. ನಾನು ಒಂದು ತಾಸಿನಿಂದ ಒಂದು ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಬರೆಯಬೇಕಾದದ್ದು ಮೂರೇ ಸಾಲು. ಅದು ಬರುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಹೋಗಿದ್ದ ಕೋರ್ಟಿನ ಹೆಸರು ಬೇಡ. ಕೋರ್ಟಿನ ಸಿಬ್ಬಂದಿಗೆ ತರಬೇತಿ ಕೊಡುವ ನಮ್ಮ ಗುಂಪು ತಿಂಗಳಿಗೆ ಒಂದೆರಡು ಸಲ ಹೋಗುವ ಕೋರ್ಟುಗಳಲ್ಲಿ ಒಂದು, ಅಷ್ಟೇ. ಶನಿವಾರದ ಬ್ಯಾಚಿಗೆ ಹೆಸರು ಬರೆದುಕೊಂಡು ಬರೋಣ ಅಂತ ಹೋಗಿದ್ದೆ. ಹನ್ನೊಂದರ ಸುಮಾರಿಗೆ ಕೌಂಟರಿನ ಹುಡುಗಿ ಕರೆದಳು. "ಮೇಡಂ, ಇವರಿಗೆ ನೀವಾದ್ರೂ ಹೇಳ್ರಿ. ನಾ ಹೇಳಿದ್ದು ಕೇಳವಲ್ರು."

ಕಿಟಕಿಯ ಆಚೆ ಒಬ್ಬ ಹಿರಿಯರು. ತಲೆಗೆ ಟೋಪಿ, ಬಗಲಲ್ಲಿ ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲ. ಅದರಲ್ಲಿ ಕಾಗದ ಪತ್ರ ಇರುತ್ತದೆ ಅಂತ ನೋಡಿದರೇ ಗೊತ್ತಾಗುತ್ತದೆ. ಎರೆ ಸೀಮೆಯವರು. ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನದು.

"ಇವತ್ತ ತಾರೀಖ ಐತ್ರಿ ನಮ್ದು. ಮೊಬೈಲ್‌ನ್ಯಾಗ ಕೋರ್ಟಿನವರ ಕಳಿಸ್ಯಾರ."

ಕೇಸ್ ನಂಬರ್ ಹಾಕಿ ನೋಡಿದೆ. ಮುಂದಿನ ತಾರೀಖು ಆಗಸ್ಟ್ 22. ಇವತ್ತಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ಅವರ ವಕೀಲರೂ ಬಂದಿಲ್ಲ. ಅವರ ಡೈರಿಯಲ್ಲಿ ಸರಿಯಾದ ತಾರೀಖೇ ಇರುತ್ತದಲ್ವಾ. ಆದರೆ ಕಾಕಾನ ಫೋನಿನಲ್ಲಿ ಮೆಸೇಜ್ ಇತ್ತು. ನಾನೇ ಓದಿದೆ. 15-07-2025. ಇಂಗ್ಲಿಷಿನಲ್ಲಿ.

"ಮೊಮ್ಮಗಳು ಓದಿ ಹೇಳಿದಳ್ರಿ. ಎಂಟನೇತ್ತ ಅದಾಳ. ಆವತ್ತ ಮತ್ತೊಂದು ಬಂತು. ಅದೂ ಇದ ಇರಬೇಕಂತ ತಗದ ನೋಡ್ಲಿಲ್ಲ."

ಎರಡನೆಯದನ್ನು ತೆಗೆದೆ. ಅದರಲ್ಲಿ 22-08-2025. ಎರಡಕ್ಕೂ ನಡುವೆ ಬಹಳ ಹೊತ್ತಿಲ್ಲ. ಎರಡೂ ಬಂದದ್ದು ಜೂನ್ 21ರಂದು.

ಜೂನ್ 21, ಶನಿವಾರ. ಬೆಳಿಗ್ಗೆ ಯೋಗ ದಿನ, ಮಧ್ಯಾಹ್ನ ನಮ್ಮ ತರಬೇತಿ. ಅಂದು ಎಲ್ಲರ ಸೊಂಟ ಹಿಡಿದುಕೊಂಡಿತ್ತು, ಕುರ್ಚಿಯಲ್ಲಿ ಕೂರಲು ಒದ್ದಾಡುತ್ತಿದ್ದರು. ಅದಕ್ಕೇ ನೆನಪಿದೆ. ಅಭ್ಯಾಸಕ್ಕೆಂದು ಇಟ್ಟ ಸರ್ವರ್ ಅಂದು ಏಳಲಿಲ್ಲ. ನಲವತ್ತು ನಿಮಿಷ ಕಾದು ಸಾಕಾಗಿ ನಾನೇ ಅಂದೆ, "ನಿಮ್ಮ ನಿಮ್ಮ ಲಾಗಿನ್‌ನ್ಯಾಗ ಯಾವುದರ ಒಂದು ಕೇಸ್ ತಗದು ನೋಡ್ರಿ." ನೋಡ್ರಿ ಅಂದೆ. ಮಾಡ್ರಿ ಅನ್ನಲಿಲ್ಲ. ಹಾಗಂತ ಇವತ್ತು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ.

ಕಾಕಾ ಬೆಂಚಿನ ಕಡೆ ಕೈ ಮಾಡಿದರು. "ಅಂವಾ ನನ್ನ ತಮ್ಮರಿ. ಎದುರುದಾರ."

ಬೆಂಚಿನ ಆ ತುದಿಗೆ ಇನ್ನೊಬ್ಬರು, ಥೇಟ್ ಇವರದೇ ಮೂಗು, ಗೋಡೆ ನೋಡುತ್ತಾ ಕೂತಿದ್ದರು.

"ಅವರಿಗೂ ಮೆಸೇಜ್ ಬಂದಿತ್ತೇನ್ರಿ?"

"ಅವನ ಫೋನ್ ಕೆಟ್ಟು ಒಂದ್ ವರ್ಷ ಆತು. ನಾ ಚೀಲ ಹಿಡ್ಕೊಂಡು ಹೊಂಟಿದ್ದು ನೋಡಿ ಹತ್ತ್ಯಾನ. ಒಂದ ಬಸ್ಸಿಗೆ ಬಂದೀವ್ರಿ. ಅವಾ ಹಿಂದ, ನಾ ಮುಂದ."

ನಗು ಬಂತು. ನಗಬಾರದಿತ್ತು. ಅವರೇ ನಕ್ಕರು, ಹಾಗಾಗಿ ನಾನೂ ನಕ್ಕೆ. ಆಮೇಲೆ ಹೆಸರುಕಾಳಿನ ಹೊಲದಲ್ಲಿ ಎಡೆ ಹೊಡೆಯುವುದು ಬಿಟ್ಟು ಬಂದೆ ಅಂದರು. ಮಳೆ ಬಿಡುವು ಕೊಟ್ಟಿದ್ದೇ ನಿನ್ನೆ, ಎತ್ತು ಬಾಡಿಗೆಗೆ ಹೇಳಿದ್ದು ಇವತ್ತಿಗೆ. ಇಬ್ಬರದೂ ಹೊಲ, ಇಬ್ಬರದೂ ದಿನ ಹೋಯಿತು. ಒಂದೇ ಹೊಲ ಅನ್ನಬೇಕೋ ಏನೋ, ದಾವೆ ಮುಗಿಯುವ ತನಕ.

ಆಗ ನಾನು ಹೇಳಿದ ಮಾತು ಇದು: "ಸಾಫ್ಟ್‌ವೇರ್ ತೊಂದ್ರಿ ಆಗೇತ್ರಿ ಕಾಕಾ."

"ಮಷೀನಿಗೆ ಏನ್ ಅನ್ನೂದೈತಿ ಬಿಡ್ರಿ ಬಾಯಾರ. ಮಳೀಗೆ ಬೈದಂಗ."

ಬೈದಿದ್ದರೆ ಚಲೋ ಇತ್ತು.

ಒಂದು ಚೀಟಿ ಬರೆದುಕೊಡಿ ಅಂದರು. ತಾನು ಕೋರ್ಟಿಗೆ ಬಂದಿದ್ದೆ ಅಂತ. ಇಲ್ಲದಿದ್ದರೆ ಮಗ ನಂಬುವುದಿಲ್ಲವಂತೆ, ಗುಡಿ ಕಟ್ಟೆ ಮೇಲೆ ಕೂತು ಬಂದ ಅನ್ನುತ್ತಾನಂತೆ. ಪಟ್ಟಿಯಲ್ಲಿ ಇಲ್ಲದ ದಿನಕ್ಕೆ ಹಾಜರಿ ಬರೆದುಕೊಡಲು ಬರುವುದಿಲ್ಲ. ಬಸ್ ಟಿಕೆಟ್ ಇಟ್ಟುಕೊಳ್ಳಿ ಅಂದೆ. ಎಂಥ ಉತ್ತರ! ಅವರು ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡು, "ಐತ್ರಿ. ಮುಂದಿನ ಸಲ ನಮ್ಮ ಮುದುಕೀನ್ನ ಕಳಸ್ತೀನಿ, ಹೆಣ್ಮಕ್ಕಳಿಗೆ ಬಸ್ ಫ್ರೀ ಐತಲ್ರಿ" ಅಂದರು. ಹೊರಟರು. ಎರಡು ನಿಮಿಷ ಬಿಟ್ಟು ತಮ್ಮನೂ ಎದ್ದು ಹೊರಟರು.

ಜಿಲ್ಲೆಯ ಕೋರ್ಟುಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಡಿ.ಎಸ್.ಎ. ಅವರಿಗೆ ಫೋನ್ ಮಾಡಿ ಕೇಳಿದೆ. ನೋಡಿ ಹೇಳಿದರು. ಹೋದ ವರ್ಷ ಸೇರಿದ ಹುಡುಗನ ಲಾಗಿನ್. ಗದಗಿನವ. ಮುಂದಿನ ತಾರೀಖಿನ ಜಾಗದಲ್ಲಿ ಸುಮ್ನೆ ಒಂದು ತಾರೀಖು ಹಾಕಿ ಒತ್ತಿದ್ದಾನೆ. ಗಾಬರಿಯಾಗಿ ಐದೇ ನಿಮಿಷದಲ್ಲಿ ಮತ್ತೆ ಸರಿ ಮಾಡಿದ್ದಾನೆ. ನನಗೆ ಹೇಳಲಿಲ್ಲ. ಹೇಗೆ ಹೇಳಿಯಾನು? ಪ್ರೊಬೇಷನ್ ಮುಗಿದಿಲ್ಲ.

ನಾವು ಕಲಿಸುವುದರಲ್ಲಿ ಕಷ್ಟದ್ದಕ್ಕೆ ಎಷ್ಟು ಹೆದರಿದ್ದೆವು! ಹೋದ ವರ್ಷ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನು ಬಂದಾಗ ಇಡೀ ತಿಂಗಳು ನಿದ್ದೆ ಇರಲಿಲ್ಲ. ಕೊಲೆಯ ಕಲಂ 302 ಹೋಗಿ 103 ಬಂತು, ಮೋಸದ 420 ಹೋಗಿ 318 ಬಂತು. ಬೈಗುಳವೇ ಹಳತಾಯಿತಲ್ರಿ ಅಂತ ಒಬ್ಬ ಶಿರಸ್ತೇದಾರರು ಬೇಜಾರು ಮಾಡಿಕೊಂಡಿದ್ದರು. ಕ್ರಿಮಿನಲ್ ಸಮನ್ಸ್ ಮನೆಯ ವಯಸ್ಕ ಗಂಡಸಿನ ಕೈಗೇ ಕೊಡಬೇಕು ಅಂತಿದ್ದ ಮಾತಿನಿಂದ 'ಗಂಡಸು' ಬಿದ್ದುಹೋಯಿತು, ಸಿವಿಲ್‌ನಲ್ಲಿ 1976ರ ತಿದ್ದುಪಡಿಯಲ್ಲೇ ಬಿದ್ದಿತ್ತು ಅಂತ ಹೇಳಿಕೊಡಲು ಒಂದು ಮಧ್ಯಾಹ್ನ ಬೇಕಾಯಿತು. ಅದನ್ನೆಲ್ಲ ಪಟ್ಟಾಗಿ ಕಲಿಸಿದೆವು. ತಾರೀಖು ಹಾಕುವ ಜಾಗ ಮಾತ್ರ ಎಲ್ಲರಿಗೂ ಬರುತ್ತದೆ ಅಂತ ಬಿಟ್ಟೆವು. ಅಲ್ಲಿ ಒತ್ತಿದ್ದು ಕಚೇರಿಯ ಗೋಡೆಯೊಳಗೆ ಇರುವುದಿಲ್ಲ, ಮೆಸೇಜ್ ಆಗಿ ಹೊರಡುತ್ತದೆ. ಹಳೆಯ ಆರ್ಡರ್ ಶೀಟಿನಲ್ಲಿ ತಪ್ಪು ಬರೆದರೆ ಗೆರೆ ಎಳೆದು ಸಹಿ ಹಾಕುತ್ತಿದ್ದೆವು. ಆ ತಪ್ಪು ಬಸ್ ಹತ್ತಿ ಬರುತ್ತಿರಲಿಲ್ಲ.

2023ರಲ್ಲಿ ಕೋರ್ಟುಗಳನ್ನು ಕಂಪ್ಯೂಟರಿಗೆ ತರುವ ಇ-ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ನಮಗೊಂದು ಏಳುವ ಸರ್ವರ್ ಬರಲಿ ಸಾಕು. ಇರಲಿ, ಇದು ನೆವ. ನನಗೂ ಗೊತ್ತು.

ಸಂಜೆ ಚಹಾಕ್ಕೆ ನಮ್ಮ ಗುಂಪಿನವರು ಸೇರಿದ್ದೆವು. ಮಿರ್ಚಿ ಬಂತು, ಯಾರೂ ಮುಟ್ಟಲಿಲ್ಲ ಅಂತ ಬರೆದರೆ ಸುಳ್ಳು. ಎಲ್ಲ ಖಾಲಿಯಾಯಿತು. ನಮ್ಮ ಸ್ಟೆನೋ ಅಂದರು, "ಐದು ನಿಮಿಷದಾಗ ಸರಿ ಮಾಡ್ಯಾನ್ರಿ. ಈಗ ಮ್ಯಾಲ ಬರದ್ರ ಹುಡುಗಗ ಮೆಮೋ ಬರ್ತದ. ಬಿಡ್ರಿ ಮೇಡಂ, ಯಾರಿಗೂ ಗೊತ್ತಿಲ್ಲ." ಕುಂದಗೋಳದಿಂದ ಬರುವ ಅಕ್ಕಾರು ಮಾತ್ರ, "ಅಣ್ಣ ತಮ್ಮರಿಗೆ ಗೊತ್ತೈತಲ್ಲ" ಅಂದು ಕೈ ತೊಳೆಯಲು ಹೋದರು.

ಅವರಿಗೂ ಗೊತ್ತಿಲ್ಲ. ಮಷೀನ್ ಅಂತ ಹೇಳಿದ್ದೇನಲ್ಲ.

ಈಗ ಹಾಳೆ. ಮುಖ್ಯ ಆಡಳಿತಾಧಿಕಾರಿಗಳಿಗೆ. ಮೊದಲನೆಯ ಸಾಲು ತಾನಾಗಿಯೇ ಕೈಗೆ ಬಂತು: 'ಸದರಿ ತರಬೇತಿಯ ಸಮಯದಲ್ಲಿ ಮುಂದಿನ ದಿನಾಂಕವು ತಪ್ಪಾಗಿ ನಮೂದಾಗಿರುತ್ತದೆ.' ಇಪ್ಪತ್ತಾರು ವರ್ಷ ಬರೆದ ಕೈ. ನಮ್ಮ ಕಚೇರಿ ಕನ್ನಡದಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ಆಗಿರುತ್ತದೆ. ಕಡತ ಕಾಣೆಯಾಗಿರುತ್ತದೆ. ವಿಳಂಬವಾಗಿರುತ್ತದೆ. ಹೊಸಬರಿಗೆ ಇದನ್ನೂ ನಾನೇ ಕಲಿಸುತ್ತೇನೆ, 'ನಾನು, ನೀನು ಬರೀಬ್ಯಾಡ್ರಿ' ಅಂತ.

ಹೊಡೆದು ಹಾಕಿ ಬರೆದೆ: 'ನಾನು ಹೇಳಿದ್ದರಿಂದ ಅವರು.' ಅಲ್ಲಿಗೆ ನಿಂತಿದೆ. 'ಅವರು' ಅಂದಕೂಡಲೇ ಅವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅವನನ್ನು ತೆಗೆದರೆ ವಾಕ್ಯ ನಿಲ್ಲುವುದಿಲ್ಲ. ಇಟ್ಟರೆ ಮೆಮೋ. 'ನಾನು' ಒಂದೇ ಸಾಕಾಗುವಂತೆ ಹೇಗೆ ಬರೆಯುವುದು?

ಫೋನ್ ಹೊಡೆದುಕೊಳ್ಳುತ್ತಿದೆ. ಆ ಹುಡುಗನದೇ. ಹತ್ತು ಗಂಟೆಗೆ? ಸ್ಟೆನೋ ಹೇಳಿಬಿಟ್ಟರು ಅಂತ ಕಾಣುತ್ತದೆ